ಬೌದ್ಧಧ್ಯಾನದ ಗುರಿ

ರೋಣ, ಗಜೇಂದ್ರಗಡ, ಪುರ್ತಗೇರಿಗಳ ಸೀಮೆಯವರಿಗೆ ಬೌದ್ಧಧರ್ಮವು ಸಾರನಾಥದ್ದೋ ಸಿಂಹಳದ್ದೋ ಆದ ದೂರದ ವಿಷಯವೆಂದು ತೋರುವುದು ಸಹಜ. ಆದರೆ ಇದೇ ಗದಗ ಜಿಲ್ಲೆಯ ಡಂಬಳದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಗೆ ಸೇರಿದ 1095ರ ಶಾಸನವೊಂದು ಎರಡು ಬೌದ್ಧ ವಿಹಾರಗಳಿಗೆ ಸಂದ ದತ್ತಿಯನ್ನು ಹೇಳುತ್ತದೆ. ಒಂದನ್ನು ಆ ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ್ದರು. ಆರ್ಯ ತಾರಾದೇವಿಯ ಇನ್ನೊಂದು ವಿಹಾರವನ್ನು ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿಯು ಕಟ್ಟಿಸಿದ್ದನು. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ ಎಂಬ ಎಂಟು ಭಯಗಳನ್ನು ಕಳೆಯುವವಳೆಂದು ಶಾಸನವು ತಾರೆಯನ್ನು ಸ್ತುತಿಸುತ್ತದೆ. ಹೇರು ಕಟ್ಟಿಕೊಂಡು ದೂರದ ದಾರಿ ನಡೆಯುವ ವ್ಯಾಪಾರಿಗೆ ಬೇಕಾದ ದೇವತೆ ಇವಳೇ ಸರಿ.

ಹಾಗಾದರೆ ಬೌದ್ಧರ ಧ್ಯಾನವು ಭಯನಿವಾರಣೆಗಾಗಿಯೇ? ಮನಶ್ಶಾಂತಿಗಾಗಿಯೇ? ಈಚೆಗೆ ಧ್ಯಾನಶಿಬಿರಗಳಿಗೆ ಹೋಗಿಬರುವ ಭಕ್ತರಲ್ಲಿ ಹಾಗೆ ತಿಳಿದವರುಂಟು. ಪಾಳಿ ಗ್ರಂಥಗಳ ಉತ್ತರವೇ ಬೇರೆ. ದುಃಖಕ್ಕೆ ತೃಷ್ಣೆ ಕಾರಣ. ಅನಿತ್ಯವಾದುದನ್ನು ನಿತ್ಯವೆಂದೂ, ನಾನಲ್ಲದುದನ್ನು ನಾನೆಂದೂ ಬಗೆಯುವ ಅವಿದ್ಯೆಯು ಆ ತೃಷ್ಣೆಯ ಬೇರು. ಈ ಅವಿದ್ಯೆ ಕೇಳಿದ ಮಾತಿನಿಂದ ಹೋಗದು. ಸ್ವತಃ ಕಂಡರೆ ಹೋದೀತು. ಕಾಣಬೇಕಾದರೆ ಮನಸ್ಸು ನಿಲ್ಲಬೇಕು. ನಿಲ್ಲಿಸುವುದು ಶಮಥ, ಕಾಣುವುದು ವಿಪಶ್ಯನೆ. ತಿಳಿಗೊಳದ ದಡದಲ್ಲಿ ನಿಂತವನಿಗೆ ತಳದ ಕಲ್ಲು, ಚಿಪ್ಪು, ಸುಳಿದಾಡುವ ಮೀನು ಕಾಣುವಂತೆ ಎಂಬ ಉಪಮೆಯು ಸಾಮಞ್ಞಫಲಸುತ್ತದಲ್ಲಿದೆ. ಶಾಂತಿಯೊಂದನ್ನೇ ಪಡೆದು ತೃಪ್ತನಾದವನು, ನೀರು ತಿಳಿಯಾಯಿತೆಂದು ಹಿಗ್ಗಿ ತಳವನ್ನು ನೋಡದೆಯೇ ಹಿಂದಿರುಗಿದವನಂತೆ.

ಸಾಧನೆಗೆ ಶೀಲವೇ ತಳಹದಿ. ಅನಂತರ ಸಾಧಕನು ಅರಣ್ಯಕ್ಕೋ ಮರದ ಬುಡಕ್ಕೋ ನಿರ್ಜನವಾದ ಮನೆಗೋ ಹೋಗಿ, ನೆಟ್ಟಗೆ ಕುಳಿತು, ಉಸಿರಿನ ಮೇಲೆ ಎಚ್ಚರವಿಡುತ್ತಾನೆ. ಇಲ್ಲೊಂದು ಮಾತನ್ನು ಗಮನಿಸಬೇಕು: ಪ್ರಾಣಾಯಾಮದಲ್ಲಿಯಂತೆ ಅವನು ಉಸಿರನ್ನು ತಡೆದು ನಿಲ್ಲಿಸುವುದಿಲ್ಲ. ಅದು ದೀರ್ಘವಾಗಿದ್ದರೆ ದೀರ್ಘವೆಂದು, ಹ್ರಸ್ವವಾಗಿದ್ದರೆ ಹ್ರಸ್ವವೆಂದು ಅರಿಯುತ್ತಾನೆ, ಅಷ್ಟೆ. ಇದೇ ಎಚ್ಚರವು ಕಾಯದಿಂದ ವೇದನೆಗೆ, ವೇದನೆಯಿಂದ ಚಿತ್ತಕ್ಕೆ, ಅಲ್ಲಿಂದ ಧರ್ಮಗಳಿಗೆ ಹಬ್ಬುತ್ತದೆ. ಚಿತ್ತದಲ್ಲಿ ದ್ವೇಷವಿದ್ದರೆ, ದ್ವೇಷವಿದೆಯೆಂದು ತಿಳಿಯುವುದೂ ಧ್ಯಾನವೇ.

5ನೆಯ ಶತಮಾನದ ಬುದ್ಧಘೋಷನು ‘ವಿಸುದ್ಧಿಮಗ್ಗ’ದಲ್ಲಿ ನಲವತ್ತು ಧ್ಯಾನವಿಷಯಗಳನ್ನು ಹೇಳಿದ್ದಾನೆ. ಅವುಗಳಲ್ಲಿ ಪೃಥ್ವೀಕಸಿಣವು ವೀರಶೈವ ವಾಚಕರ ಮನಸ್ಸನ್ನು ಕೂಡಲೇ ಸೆಳೆಯುವಂತಹುದು. ಅರುಣವರ್ಣದ ಮಣ್ಣಿನಿಂದ ಗೇಣು ನಾಲ್ಕಂಗುಲ ಅಗಲದ ಬಿಲ್ಲೆಯನ್ನು ಮಾಡಿ, ಕಣ್ಣು ಮುಚ್ಚಿದರೂ ಅದೇ ರೂಪವು ಕಾಣುವವರೆಗೆ ಅದರಲ್ಲಿ ದೃಷ್ಟಿಯನ್ನು ನಿಲ್ಲಿಸಬೇಕು. ಹಾಗೆ ಕಂಡಮೇಲೆ ಸಾಧಕನು ಬಿಲ್ಲೆಯನ್ನು ಅಲ್ಲಿಯೇ ಬಿಟ್ಟು ತನ್ನ ವಸತಿಗೆ ಮರಳಿ, ಮನದೊಳಗಿನ ಆ ನಿಮಿತ್ತವನ್ನೇ ಬೆಳೆಸುತ್ತಾನೆ. ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯಿಡುವ ಶಿವಯೋಗವು ಇಲ್ಲಿ ನೆನಪಾಗದಿರದು. ಆದರೆ ಹೋಲಿಕೆಯು ನೋಟವನ್ನು ನಿಲ್ಲಿಸುವ ಬಗೆಗೆ ಮಾತ್ರ ಸೀಮಿತ. ಬಿಲ್ಲೆಯು ಬರಿಯ ಸಾಧನ, ಕೆಲಸ ತೀರಿದ ಮೇಲೆ ಬಿಡತಕ್ಕದ್ದು. ಇಷ್ಟಲಿಂಗವು ಸಾಧನವೂ ಹೌದು, ಸಾಧ್ಯವೂ ಹೌದು; ಅದು ಅಂಗವನ್ನು ಅಗಲತಕ್ಕದ್ದಲ್ಲ. ‘ಶೂನ್ಯ’ ಪದದ ವಿಷಯವೂ ಹೀಗೆಯೇ. ನಾಗಾರ್ಜುನನ ಶೂನ್ಯತೆಯೆಂದರೆ ಯಾವ ವಸ್ತುವಿಗೂ ಸ್ವತಂತ್ರವಾದ ಸ್ವಭಾವವಿಲ್ಲವೆಂಬುದು; ವಚನಕಾರರ ಬಯಲು ಲಿಂಗಾಂಗಸಾಮರಸ್ಯದ ನೆಲೆ. ಪದವೊಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಎಂದು ಬರೆದುಬಿಡುವ ಆತುರವು ವಿದ್ಯಾರ್ಥಿಗಳಿಗೆ ಸಲ್ಲದು.

ತಾರೆಯ ಉಪಾಸನೆಯೂ ಈ ಮಾತಿಗೆ ಹೊರತಲ್ಲ. ತಾಂತ್ರಿಕ ಸಾಧನವಿಧಿಗಳಲ್ಲಿ ದೇವಿಯನ್ನು ಬೀಜಾಕ್ಷರದಿಂದ ಮೂಡಿದವಳೆಂದು ಭಾವಿಸಿ, ಸರ್ವಾಂಗವನ್ನೂ ಚಿಂತಿಸಿ, ಕೊನೆಗೆ ಆ ರೂಪವನ್ನು ಶೂನ್ಯದಲ್ಲಿ ಲಯಗೊಳಿಸುತ್ತಾರೆ. ಎಂಟು ಭಯಗಳನ್ನು ಕಳೆದವಳು ತಾನೂ ಉಳಿಯುವುದಿಲ್ಲ! ಡಂಬಳದ ವಿಹಾರಗಳಲ್ಲಿ ಇಂದು ಭಿಕ್ಷುಗಳಿಲ್ಲ. ಆದರೆ ಮುಂಡಗೋಡದಲ್ಲಿ ಟಿಬೆಟಿನಿಂದ ಬಂದವರು 1960ರ ದಶಕದಲ್ಲಿ ನೆಲೆಸಿದರು. ಅವರ ಗಾಂದೆನ್, ದ್ರೆಪುಂಗ್ ಮಠಗಳೂ ಅಲ್ಲಿ ಮರುಸ್ಥಾಪನೆಗೊಂಡವು. ತಾರೆಯ ಸ್ತುತಿಯು ಹೀಗೆ ಕನ್ನಡನಾಡಿನಲ್ಲಿ ಮತ್ತೆ ಕೇಳತೊಡಗಿತು.

ಇಂತಹ ಸಾಧನೆ ಭಿಕ್ಷುಗಳಿಗೆ ಮಾತ್ರವೇ ಎಂಬ ಪ್ರಶ್ನೆ ಗೃಹಸ್ಥರಲ್ಲಿ ಏಳುತ್ತದೆ. ಗಜೇಂದ್ರಗಡದ ನೆರೆಯ ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನವಿದೆ. ಅದು ಧ್ಯಾನವನ್ನು ಹೆಸರಿಸುವುದಿಲ್ಲ, ಪ್ರಯತ್ನವನ್ನು ಹೇಳುತ್ತದೆ. ಎರಡೂವರೆ ವರ್ಷ ಉಪಾಸಕನಾಗಿದ್ದರೂ ತಾನು ಹೆಚ್ಚು ಶ್ರಮಿಸಲಿಲ್ಲವೆಂದೂ, ಸಂಘವನ್ನು ಸೇರಿದ ಮೇಲೆ ಒಂದು ವರ್ಷದಿಂದ ಚೆನ್ನಾಗಿ ಶ್ರಮಿಸಿರುವೆನೆಂದೂ ಚಕ್ರವರ್ತಿಯು ಅಲ್ಲಿ ತಿಳಿಸುತ್ತಾನೆ. ಆ ಫಲವು ದೊಡ್ಡವರಿಗಷ್ಟೇ ಮೀಸಲಲ್ಲ, ಶ್ರಮಿಸಿದರೆ ಸಣ್ಣವರಿಗೂ ದೊರಕೀತು ಎಂಬುದು ಅವನು ಬಂಡೆಯ ಮೇಲೆ ಕೊರೆಯಿಸಿದ ಮಾತು.