ಯಾರಿಗೂ ಹೇಳದೆ ನಡೆಸಿದ ತಯಾರಿ

ಮಸ್ಕತ್ತಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಬೇಕೆಂದರೆ ಮೊದಲು ಡ್ರಮ್ಮುಗಳನ್ನು ಗೆಲ್ಲಬೇಕು. ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ನಡುವಿನ ಇಕ್ಕಟ್ಟು ಜಾಗಕ್ಕೆ ಕಾರನ್ನು ರಿವರ್ಸ್‌ನಲ್ಲಿ ತಂದು ನಿಲ್ಲಿಸಬೇಕು. ಡ್ರಮ್ಮಿಗೆ ತಾಗಿಸಿದರೆ ಮತ್ತೆ ಕಾಯಬೇಕು. ಅದು ಪಾಸಾದರೆ ಏರಿನ ಪರೀಕ್ಷೆ. ದಿಬ್ಬದ ಮಧ್ಯೆ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಕ್ಲಚ್ಚು ಬಿಟ್ಟು ಮುಂದಕ್ಕೆ ಹೊರಡಬೇಕು. ಕೊನೆಯದು ರಸ್ತೆಯ ಪರೀಕ್ಷೆ; ಪಕ್ಕದಲ್ಲಿ ರಾಯಲ್ ಒಮಾನ್ ಪೊಲೀಸ್ ಅಧಿಕಾರಿ ಕೂತಿರುತ್ತಾರೆ. ಉಡುಪಿಯಲ್ಲೋ ಪುತ್ತೂರಿನಲ್ಲೋ ಸ್ಕೂಟಿ ಓಡಿಸಿದ ಅಭ್ಯಾಸ ಇದ್ದವರಿಗೂ ಇಲ್ಲಿ ಎಲ್ಲವೂ ತಿರುವುಮುರುವು. ಸ್ಟಿಯರಿಂಗ್ ಎಡಕ್ಕೆ, ಗಾಡಿ ಓಡಬೇಕಾದದ್ದು ರಸ್ತೆಯ ಬಲಬದಿಯಲ್ಲಿ.

ಈ ಪರೀಕ್ಷೆಯನ್ನು ಒಂದೇ ಸಲಕ್ಕೆ ಪಾಸು ಮಾಡಿದವರು ಕಡಿಮೆ. ಗಂಡಸರೂ ಹಲವು ಬಾರಿ ಫೇಲಾಗುತ್ತಾರೆ. ಆದರೂ ಮಸ್ಕತ್ತಿನ ಭಾರತೀಯ ಕುಟುಂಬಗಳ ಹೆಣ್ಣುಮಕ್ಕಳು ಇನ್‌ಸ್ಟ್ರಕ್ಟರಿಗೆ ಗಂಟೆಯ ಲೆಕ್ಕದಲ್ಲಿ ರಿಯಾಲ್ ಕೊಟ್ಟು, ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲಿನ ಬಿಡುವಿನಲ್ಲಿ ಕಲಿಯುತ್ತಾರೆ. ಅವರಲ್ಲಿ ಅನೇಕರು ಪಾಸಾಗುವ ತನಕ ಊರಿನ ಅತ್ತೆಮಾವನಿಗೆ ಸುದ್ದಿಯನ್ನೇ ಕೊಡುವುದಿಲ್ಲ. ಫೇಲಾದಾಗ ಕೇಳಬೇಕಾದ ಮಾತುಗಳು ಅವರಿಗೆ ಮೊದಲೇ ಗೊತ್ತು.

ಮಸ್ಕತ್ತಿನ ವಾದಿ ಕಬೀರ್ ಇಂಥ ಕುಟುಂಬಗಳು ಒತ್ತೊತ್ತಾಗಿ ಬದುಕುವ ಜಾಗ. ನಗರದ ರೂವಿ ಪ್ರದೇಶಕ್ಕೆ ಅಂಟಿಕೊಂಡಂತಿರುವ ಈ ಬಡಾವಣೆಯ ಸುತ್ತ ಹಸಿರಿಲ್ಲದ ಕಂದು ಗುಡ್ಡಗಳು. ಒಂದು ಕಡೆ ಗ್ಯಾರೇಜು, ವರ್ಕ್‌ಶಾಪುಗಳ ಸಾಲು. ಇನ್ನೊಂದು ಕಡೆ ಮಧ್ಯಮ ವರ್ಗದ ಫ್ಲ್ಯಾಟುಗಳು. 1991ರಲ್ಲಿ ಆರಂಭವಾದ ಇಂಡಿಯನ್ ಸ್ಕೂಲ್ ಅಲ್ ವಾದಿ ಅಲ್ ಕಬೀರ್ ಇಲ್ಲಿದೆ. ಮಕ್ಕಳ ಶಾಲೆಗಾಗಿಯೇ ಈ ಸುತ್ತಿನಲ್ಲಿ ಮನೆ ಹುಡುಕುವವರು ಬಹಳ. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯವರು ಮಸ್ಕತ್ತಿನ ಈ ಭಾಗದಲ್ಲಿ ಅಪರೂಪವಲ್ಲ. 2020ರ ಜನಗಣತಿಯ ಪ್ರಕಾರ ಒಮಾನಿನ ಜನಸಂಖ್ಯೆ ಸುಮಾರು 44.7 ಲಕ್ಷ, ಅದರಲ್ಲಿ 17 ಲಕ್ಷಕ್ಕೂ ಹೆಚ್ಚು ಮಂದಿ ಹೊರದೇಶದವರು. ಅವರಲ್ಲಿ ಗಂಡಸರೇ ಬಹುಪಾಲು. ಹೀಗಾಗಿ ಗಲ್ಫ್ ಅಂದಕೂಡಲೇ ಕಣ್ಣಿಗೆ ಕಟ್ಟುವುದು ಗಂಡಸಿನ ಸೂಟ್‌ಕೇಸು, ಗಂಡಸಿನ ಡ್ರಾಫ್ಟು, ಗಂಡಸಿನ ರಜೆ. ಜೊತೆಗೆ ಬಂದ ಹೆಂಗಸರು ಏನು ಮಾಡಿದರು ಎಂಬುದನ್ನು ಊರು ಕೇಳಿದ್ದು ಕಡಿಮೆ.

ಈ ಹೆಂಗಸರಲ್ಲಿ ಬಹಳಷ್ಟು ಜನ ಬಂದದ್ದು ಫ್ಯಾಮಿಲಿ ವೀಸಾದಲ್ಲಿ. ಗಂಡನ ಸಂಬಳ ಇಂತಿಷ್ಟಿದ್ದರೆ ಮಾತ್ರ ಹೆಂಡತಿಗೆ ಬರಲು ಅವಕಾಶ. ಆ ಮಿತಿ 600 ರಿಯಾಲ್ ಇದ್ದದ್ದನ್ನು ಒಮಾನ್ ಸರ್ಕಾರ 2017ರಲ್ಲಿ 300ಕ್ಕೆ ಇಳಿಸಿತು. ಸಣ್ಣ ಸಂಬಳದವರ ಮನೆಗೂ ಸಂಸಾರ ಬಂತು. ಆದರೆ ಈ ವೀಸಾದಲ್ಲಿರುವಾಕೆ ಸಂಬಳಕ್ಕೆ ದುಡಿಯುವಂತಿಲ್ಲ. ಎಂಎಸ್ಸಿ ಓದಿದವಳಿರಲಿ, ಊರಿನ ಬ್ಯಾಂಕಿನಲ್ಲಿ ಹತ್ತು ವರ್ಷ ಕೌಂಟರ್ ನೋಡಿಕೊಂಡವಳಿರಲಿ, ರೆಸಿಡೆಂಟ್ ಕಾರ್ಡಿನ ಲೆಕ್ಕದಲ್ಲಿ ಆಕೆ ಒಬ್ಬರ ಹೆಂಡತಿ, ಅಷ್ಟೇ. ಕೆಲಸಕ್ಕೆ ಸೇರಬೇಕಾದರೆ ಒಬ್ಬ ಉದ್ಯೋಗದಾತ ಸಿಗಬೇಕು, ಆತ ಅನುಮತಿ ತೆಗೆಯಬೇಕು, ವೀಸಾ ಬದಲಾಗಬೇಕು. ಡಿಗ್ರಿಯ ಪ್ರಮಾಣಪತ್ರಗಳು ಊರಿಗೆ ಹೋಗಿ, ದೆಹಲಿಯ ಮುದ್ರೆ ಒತ್ತಿಸಿಕೊಂಡು ಬರಬೇಕು. ಮದುವೆಯ ನಂತರ ಹೆಸರಿನ ಇನಿಶಿಯಲ್ ಬದಲಾಗಿದ್ದರೆ ಅದಕ್ಕೊಂದು ಅಫಿಡವಿಟ್ಟು.

ಆದರೆ ಬದುಕು ಬದಲಿಸಿಕೊಂಡ ಹೆಣ್ಣಿನ ಬಗ್ಗೆ ಬರೆಯುವಾಗ ನಾವು ಇಂಥ ಓಡಾಟಗಳನ್ನು ಬಿಟ್ಟು ಒಂದು ದಿನದ ಕಥೆ ಹೇಳುತ್ತೇವೆ: ಆ ದಿನ ಆಕೆ ಎದ್ದು ನಿಂತಳು, ಬೇಡ ಅಂದಳು, ಹೊರಟಳು. ಅಂಥ ದಿನವೊಂದು ಇರುತ್ತದೆ, ನಿಜ. ಆದರೆ ಅದರ ಹಿಂದೆ ಯಾರ ಕಣ್ಣಿಗೂ ಬೀಳದ ಎರಡು ವರ್ಷ, ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷಗಳಿರುತ್ತವೆ. ಧೈರ್ಯದ ಹೆಚ್ಚಿನ ಪಾಲು ಖರ್ಚಾಗುವುದು ಅಲ್ಲಿ.

ಒಮಾನಿನದೇ ಉದಾಹರಣೆ ನಾದಿರಾ ಅಲ್ ಹಾರ್ಥಿ. ಭೂಗೋಳ ಪಾಠ ಹೇಳುತ್ತಿದ್ದ ಶಿಕ್ಷಕಿ, ಆಮೇಲೆ ಶಿಕ್ಷಣ ಸಚಿವಾಲಯದ ಉದ್ಯೋಗಿ. ಆಗ ವಯಸ್ಸು ನಲವತ್ತರ ಆಸುಪಾಸು. ಎವರೆಸ್ಟ್ ಏರಿದ ಮೊದಲ ಒಮಾನಿ ಖಾಲಿದ್ ಅಲ್ ಸಿಯಾಬಿ ಅವರ ಸಾಧನೆಯಿಂದ ಪ್ರೇರಿತರಾಗಿ ಪರ್ವತಾರೋಹಣಕ್ಕೆ ಇಳಿದ ಆಕೆ ಅವರ ಮಾರ್ಗದರ್ಶನದಲ್ಲೇ ತರಬೇತಿ ಶುರುಮಾಡಿದರು. ಸುಮಾರು ಎರಡು ವರ್ಷ ಈ ಸಂಗತಿಯನ್ನು ಮನೆಯವರಿಗೆ ತಿಳಿಸಲಿಲ್ಲ. ಕಚೇರಿಯ ಕೆಲಸ ಕೆಲಸದ ಪಾಡಿಗೆ, ಓಟ, ಭಾರ ಹೊತ್ತು ಬೆಟ್ಟ ಹತ್ತುವ ಅಭ್ಯಾಸ ಅದರ ಪಾಡಿಗೆ. ಹೇಳಿದರೆ ಹೆದರಿಸುತ್ತಾರೆ, ಹೆದರಿದರೆ ಕೈಬಿಡಬೇಕಾದೀತು ಎಂಬ ಅಳುಕು ನಮ್ಮೂರಿನ ಯಾವ ಹೆಂಗಸಿಗೂ ವಿವರಿಸಿ ಹೇಳಬೇಕಾದದ್ದಲ್ಲ. 2019ರ ಮೇ 23ರಂದು ಅವರು ಎವರೆಸ್ಟ್ ತುದಿ ಮುಟ್ಟಿದರು; ಆ ಸಾಧನೆ ಮಾಡಿದ ಮೊದಲ ಒಮಾನಿ ಮಹಿಳೆ. 2022ರ ಜುಲೈಯಲ್ಲಿ ಕೆ2 ಶಿಖರವನ್ನೂ ಏರಿದರು.

ಆ ಎತ್ತರಕ್ಕೂ ಒಂದು ಬುನಾದಿ ಇದೆ. 1970ರಲ್ಲಿ ಸುಲ್ತಾನ್ ಖಾಬೂಸ್ ಅಧಿಕಾರಕ್ಕೆ ಬಂದಾಗ ಇಡೀ ಒಮಾನಿನಲ್ಲಿ ಇದ್ದ ಆಧುನಿಕ ಶಾಲೆಗಳು ಮೂರು, ವಿದ್ಯಾರ್ಥಿಗಳು 909, ಎಲ್ಲರೂ ಹುಡುಗರು. ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು ಆ ನಂತರ. ಸೌದಿಯಲ್ಲಿ ಮಹಿಳೆಯರು ಕಾರು ಓಡಿಸಲು 2018ರ ಜೂನ್ ತನಕ ಕಾಯಬೇಕಾಯಿತು; ಒಮಾನಿನಲ್ಲಿ ಆ ನಿಷೇಧ ಇರಲಿಲ್ಲ. ಬಾಗಿಲು ತೆರೆದಿದ್ದ ಕಡೆ ಧೈರ್ಯಕ್ಕೆ ನಡೆಯಲು ದಾರಿ ಸಿಕ್ಕಿತು ಅನ್ನುವುದನ್ನು ಒಪ್ಪಬೇಕು.

ಇತ್ತ ನಾದಿರಾ ಅವರದ್ದಕ್ಕಿಂತ ಉದ್ದದ ತಯಾರಿ ನಡೆಸಿದವರು ಕಾಸರಗೋಡಿನ ಲೇಖಕಿ ಸಾರಾ ಅಬೂಬಕ್ಕರ್. ಹುಟ್ಟಿದ್ದು 1936ರಲ್ಲಿ. ಆ ಕಾಲದ ಕಾಸರಗೋಡಿನ ಮುಸ್ಲಿಂ ಹುಡುಗಿಯರಲ್ಲಿ ಹೈಸ್ಕೂಲು ಮುಗಿಸಿದವರೇ ವಿರಳ, ಸಾರಾ ಮುಗಿಸಿದರು. ಮುಂದಕ್ಕೆ ಓದಲು ಆಗಲಿಲ್ಲ, ಮದುವೆಯಾಯಿತು. ಗಂಡ ಸರ್ಕಾರಿ ಎಂಜಿನಿಯರು. ನಾಲ್ಕು ಗಂಡುಮಕ್ಕಳು. ಗ್ರಂಥಾಲಯದ ಪುಸ್ತಕಗಳು ಆಕೆಯ ಕೈಗೆ ಸಿಕ್ಕಿದ್ದು 1963ರಲ್ಲಿ. ಅಲ್ಲಿಂದ ಸುಮಾರು ಹದಿನೆಂಟು ವರ್ಷ ಮನೆವಾರ್ತೆಯ ನಡುವೆ ಓದಿದ್ದೇ ಓದಿದ್ದು. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಅವರ ಮೊದಲ ಲೇಖನ ಅಚ್ಚಾಯಿತು. ಆಗ ವಯಸ್ಸು 45. ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ತಲಾಖಿನ ಕಟ್ಟಿನಲ್ಲಿ ಸಿಕ್ಕಿ ನರಳುವ ಹೆಣ್ಣಿನ ಕಥೆ. ಸಮುದಾಯದ ಒಳಗಿನಿಂದಲೇ ಬಂದ ಆ ದನಿಗೆ ವಿರೋಧ ಜೋರಾಗಿಯೇ ಇತ್ತು; 1985ರಲ್ಲಿ ಪುತ್ತೂರಿನ ಒಂದು ಸಭೆಯಲ್ಲಿ ಅವರಿಗೆ ಮಾತಾಡಲೂ ಅಡ್ಡಿ ಮಾಡಿದರು. ಸಾರಾ ಹಿಂದೆ ಸರಿಯಲಿಲ್ಲ. 1994ರಲ್ಲಿ ಚಂದ್ರಗಿರಿ ಪ್ರಕಾಶನ ಎಂಬ ತಮ್ಮದೇ ಪ್ರಕಾಶನ ಕಟ್ಟಿದರು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಕರಾವಳಿಯ ಎಷ್ಟೋ ಹುಡುಗಿಯರಿಗೆ ಬರೆಯುವ ಧೈರ್ಯ ಕೊಟ್ಟಿದ್ದರು. ಗಲ್ಫಿಗೆ ಗಂಡನನ್ನು ಕಳಿಸಿ ಊರಲ್ಲಿ ಉಳಿದ ಹೆಂಗಸರು ಅವರ ಬರಹದಲ್ಲಿ ತಮ್ಮ ಮನೆಯನ್ನೇ ಕಂಡರೆ ಆಶ್ಚರ್ಯವಿಲ್ಲ.

ಗಂಡನ ಹಿಂದೆ ಬಂದವರ ಮಾತಾಯಿತು. ತಾವೇ ಮುಂದಾಗಿ ಬಂದವರು ನರ್ಸುಗಳು. ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆ 1880ರಷ್ಟು ಹಳೆಯದು. ಇಂದು ಆ ನಗರದ ತುಂಬ ನರ್ಸಿಂಗ್ ಕಾಲೇಜುಗಳು. ಬೀಡಿ ಕಟ್ಟಿ ಕೂಡಿಟ್ಟ ದುಡ್ಡಿನಲ್ಲಿ, ಅದು ಸಾಲದೆ ಬ್ಯಾಂಕಿನ ಸಾಲದಲ್ಲಿ ಮಗಳನ್ನು ನರ್ಸಿಂಗ್ ಓದಿಸಿದ ತಾಯಂದಿರು ದಕ್ಷಿಣ ಕನ್ನಡದಲ್ಲೂ ಕಾಸರಗೋಡಿನಲ್ಲೂ ಬೇಕಾದಷ್ಟಿದ್ದಾರೆ. ಆ ಮಗಳು ಎರಡು ವರ್ಷ ಊರಿನ ಆಸ್ಪತ್ರೆಯಲ್ಲಿ ಕಡಿಮೆ ಸಂಬಳಕ್ಕೆ ನೈಟ್ ಡ್ಯೂಟಿ ಮಾಡಿ ಅನುಭವದ ಪತ್ರ ಪಡೆಯುತ್ತಾಳೆ. ಡ್ಯೂಟಿ ಮುಗಿಸಿ ಬಂದು ಗಲ್ಫಿನ ನರ್ಸಿಂಗ್ ಪರವಾನಗಿಗೆ ಬೇಕಾದ ಪ್ರೊಮೆಟ್ರಿಕ್ ಪರೀಕ್ಷೆಗೆ ಓದುತ್ತಾಳೆ. ಸರ್ಟಿಫಿಕೇಟುಗಳು ಅಸಲಿಯೇ ಎಂದು ಪರಿಶೀಲಿಸುವ ಡೇಟಾಫ್ಲೋಗೆ ಶುಲ್ಕ ಕಟ್ಟಿ ಕಾಯುತ್ತಾಳೆ. ಏಜೆಂಟರು ಲಕ್ಷಗಟ್ಟಲೆ ಸುಲಿಯುತ್ತಿದ್ದ ಕಾರಣ, ಒಮಾನೂ ಸೇರಿದಂತೆ 18 ದೇಶಗಳಿಗೆ ಹೊರಟ ನರ್ಸುಗಳ ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕ ಆಗಬೇಕು, ವಲಸೆ ಅನುಮತಿ ಕಡ್ಡಾಯ ಎಂದು ಭಾರತ ಸರ್ಕಾರ 2015ರಲ್ಲಿ ನಿಯಮ ತಂದಿತು. ವಿಮಾನ ಹತ್ತುವಾಗ ಈಕೆಗೆ ಇಪ್ಪತ್ತೈದೋ ಇಪ್ಪತ್ತಾರೋ ವಯಸ್ಸು. ಮನೆಯ ಸಾಲ, ತಮ್ಮನ ಓದು, ಕೆಲವೊಮ್ಮೆ ತನ್ನದೇ ಮದುವೆಯ ಖರ್ಚು ಎಲ್ಲವೂ ಆಕೆಯ ಹೆಗಲ ಮೇಲೆ. ಇದನ್ನು ಸಾಹಸ ಅಂತ ಆಕೆಯೂ ಕರೆಯುವುದಿಲ್ಲ, ಮನೆಯವರೂ ಕರೆಯುವುದಿಲ್ಲ. ಕರೆಯಬೇಕು.

ಬಂದ ಮೇಲೆ ಇನ್ನೊಂದು ಗೋಡೆ ಇತ್ತು. ಒಂದು ಕಂಪನಿಯ ಒಪ್ಪಂದ ಮುಗಿದರೂ ಹಳೆಯ ಮಾಲೀಕ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಕೊಡದಿದ್ದರೆ ಒಮಾನಿನಲ್ಲೇ ಬೇರೆ ಕಡೆ ಸೇರುವಂತಿರಲಿಲ್ಲ. ದೇಶ ಬಿಟ್ಟು ಎರಡು ವರ್ಷ ಹೊರಗಿರಬೇಕಿತ್ತು. ಒಳ್ಳೆಯ ಕೆಲಸ ಎದುರಿಗಿದ್ದರೂ ಸಹಿಸಿಕೊಂಡು ಕೂತವರು ಎಷ್ಟೋ. 2021ರ ಜನವರಿ 1ರಿಂದ ಆ ಎನ್‌ಒಸಿ ಹೋಯಿತು. ಒಪ್ಪಂದ ಮುಗಿಸಿದವರು ಹೊಸ ಮಾಲೀಕನ ಹತ್ತಿರ ಹೋಗಬಹುದು. 2023ರ ಜುಲೈಯ ಹೊಸ ಕಾರ್ಮಿಕ ಕಾನೂನು ಹೆರಿಗೆ ರಜೆಯನ್ನು 98 ದಿನಕ್ಕೆ ಏರಿಸಿತು. ಹೆರಿಗೆಗೆಂದು ಊರಿಗೆ ಬಂದು, ಕೆಲಸ ಬಿಟ್ಟು, ಮತ್ತೆ ಹಿಂದಿರುಗಲಾಗದೆ ಉಳಿದ ಹೆಣ್ಣುಮಕ್ಕಳನ್ನು ಕಂಡವರಿಗೆ ಈ ದಿನಗಳ ಬೆಲೆ ಗೊತ್ತು.

ಈ ಕಾನೂನಿನ ನೆರಳು ಬೀಳದ ಒಂದು ಜಾಗ ಮನೆಗೆಲಸ. ಮನೆಗೆಲಸದವರು ಸಾಮಾನ್ಯ ಕಾರ್ಮಿಕ ಕಾನೂನಿನ ಹೊರಗಿದ್ದಾರೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2016ರಲ್ಲಿ ಒಮಾನಿನ ಮನೆಗೆಲಸದ ಹೆಂಗಸರನ್ನು ಮಾತಾಡಿಸಿ ಪ್ರಕಟಿಸಿದ ವರದಿಯಲ್ಲಿ ಕಿತ್ತುಕೊಂಡ ಪಾಸ್‌ಪೋರ್ಟು, ಕೊಡದ ಸಂಬಳ, ರಜೆಯಿಲ್ಲದ ದುಡಿತದ ವಿವರಗಳಿವೆ. ಎಲ್ಲ ಮನೆಗಳೂ ಹಾಗಲ್ಲ. ಹತ್ತಾರು ವರ್ಷ ಒಂದೇ ಮನೆಯಲ್ಲಿ ಗೌರವದಿಂದ ದುಡಿದು ಊರಲ್ಲಿ ಹಂಚಿನ ಮನೆ ಕಟ್ಟಿಸಿದವರೂ ಇದ್ದಾರೆ. ಆದರೆ ಯಾವ ಮನೆ ಸಿಗುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟ ಮಾತಾಗಬಾರದು. ಕುಡುಕ ಗಂಡನಿಂದ ಬಿಡಿಸಿಕೊಂಡು, ಮಕ್ಕಳನ್ನು ಅಮ್ಮನ ಕೈಗೆ ಒಪ್ಪಿಸಿ ಹೊರಡುವ ಹೆಂಗಸಿನ ಧೈರ್ಯ ದೊಡ್ಡದು. ಆ ಧೈರ್ಯದ ಮೇಲೆ ಕಣ್ಣಿಟ್ಟ ಏಜೆಂಟರಿಗೆ ಬೇಕಾಗಿರುವುದು ಆಕೆಯ ಅವಸರ.

ಹೊರಡುವ ಯೋಚನೆ ಇರುವವರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಸಿಗುವುದು ಇಸಿಆರ್ ಪಾಸ್‌ಪೋರ್ಟು. ಅಂಥ ಪಾಸ್‌ಪೋರ್ಟ್ ಇರುವ ಹೆಂಗಸು ಗಲ್ಫಿಗೆ ಕೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು, ಸರ್ಕಾರದ ವಲಸೆ ಅನುಮತಿ ಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಮಾನ್ಯವಾಗಿ ಈ ಕಟ್ಟು ಇಲ್ಲ. ಅರ್ಧಕ್ಕೆ ಶಾಲೆ ಬಿಟ್ಟವರು ಮೂವತ್ತು, ಮೂವತ್ತೈದರಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸುತ್ತೇನೆ ಎನ್ನುವ ಏಜೆಂಟನನ್ನು ನಂಬಬಾರದು. ಆ ದಾರಿಯಲ್ಲಿ ಹೋದವರಿಗೆ ವಲಸೆ ಅನುಮತಿಯ ರಕ್ಷಣೆ ಸಿಗುವುದಿಲ್ಲ. ಪರವಾನಗಿ ಇರುವ ಏಜೆನ್ಸಿಗಳ ಹೆಸರುಗಳು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿವೆ. ಒಪ್ಪಂದದ ಪತ್ರ, ಪಾಸ್‌ಪೋರ್ಟ್, ವೀಸಾ ಮೂರರ ಜೆರಾಕ್ಸ್ ಪ್ರತಿಯನ್ನು ಅಮ್ಮನ ಹತ್ತಿರವೋ ಅಕ್ಕನ ಹತ್ತಿರವೋ ಬಿಟ್ಟು ಹೋಗಬೇಕು. ಅಲ್ಲಿ ತೊಂದರೆಯಾದರೆ ದೂರು ಕೊಡಲು 2015ರಿಂದ ‘ಮದದ್’ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಊರಿನಲ್ಲಿರುವ ಮನೆಯವರೂ ಆಕೆಯ ಪರವಾಗಿ ಅದರಲ್ಲಿ ದೂರು ದಾಖಲಿಸಬಹುದು. ಮಸ್ಕತ್ತಿನ ಭಾರತೀಯ ರಾಯಭಾರ ಕಚೇರಿ ಓಪನ್ ಹೌಸ್ ನಡೆಸಿ ಅಹವಾಲು ಕೇಳುತ್ತದೆ; ಅಲ್ಲಿಗೆ ಯಾವ ಏಜೆಂಟನ ಶಿಫಾರಸೂ ಬೇಡ.