ಟೈಮೌಟ್ ರೆಫರಿಯ ಜೇಬಿನಲ್ಲಿರುವುದಿಲ್ಲ

ಬೆಳಗಾವಿಯ ಓಣಿಗಳಲ್ಲಿ ಆಡಿ ಬೆಳೆದವರಿಗೆ ‘ಟೈಮ್ ಪ್ಲೀಸ್’ ಗೊತ್ತು. ಚಪ್ಪಲಿ ಕಿತ್ತರೆ, ಅವ್ವ ಕರೆದರೆ, ದಮ್ಮು ಹತ್ತಿದರೆ ಹಾಗೊಮ್ಮೆ ಕೂಗಿದರೆ ಸಾಕು, ಆಟ ಅಲ್ಲೇ ನಿಲ್ಲುತ್ತದೆ. ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಬಂದ ಮೇಲೂ ಆ ನಂಬಿಕೆ ಹೋಗುವುದಿಲ್ಲ. ಸುಸ್ತಾದ ಹುಡುಗ ರೆಫರಿಯತ್ತ ತಿರುಗಿ, ಎರಡೂ ಕೈಯಿಂದ ‘ಟಿ’ ಆಕಾರ ಮಾಡಿ, ‘ಸರ್, ಟೈಮೌಟ್ ಕೊಡ್ರಿ’ ಅನ್ನುತ್ತಾನೆ. ರೆಫರಿ ಸೀಟಿ ಊದದಿದ್ದರೆ ಸುತ್ತ ನಿಂತವರು ಪಕ್ಷಪಾತ ಅನ್ನುತ್ತಾರೆ. ಪಕ್ಷಪಾತವಲ್ಲ. ಆಟಗಾರನಿಗೆ ಟೈಮೌಟ್ ಕೇಳುವ ಹಕ್ಕೇ ಇಲ್ಲ.

ನಮ್ಮಲ್ಲಿ ಅನುಸರಿಸುವುದು ಅಂತಾರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮ. ಅದರ ಪ್ರಕಾರ ಟೈಮೌಟ್ ಕೇಳಬಹುದಾದವರು ಇಬ್ಬರೇ: ಮುಖ್ಯ ಕೋಚ್, ಇಲ್ಲವೇ ಮೊದಲ ಸಹಾಯಕ ಕೋಚ್. ಅವರೂ ರೆಫರಿಯನ್ನು ಕೇಳುವಂತಿಲ್ಲ. ಸ್ಕೋರರ್ ತಮ್ಮನ್ನು ನೋಡುವಂತೆ ಕಣ್ಣು ಸೇರಿಸಿ, ಇಲ್ಲವೇ ಅವರು ಕೂತ ಟೇಬಲ್ಲಿಗೆ ತಾವೇ ಹೋಗಿ, ಕೈಸನ್ನೆ ಮಾಡಿ ಸ್ಪಷ್ಟವಾಗಿ ಕೇಳಬೇಕು. ಬೆಂಚಿನಿಂದ ಬರೀ ಕೂಗಿದರೆ ಸಾಲದು.

ಈ ಗೊಂದಲಕ್ಕೆ ಮಕ್ಕಳನ್ನು ದೂರಲಾರೆ. ಖಾನಾಪುರದ ಹಳ್ಳಿಗಳಿಂದ ಬರುವ ಮಕ್ಕಳಿಗೆ ಮೊದಲು ಒಲಿದ ಆಟ ಕಬಡ್ಡಿ. ಅಲ್ಲಿ ನಾಯಕನೋ ಆಟಗಾರನೋ ರೆಫರಿಯ ಅನುಮತಿ ಪಡೆದು ಟೈಮೌಟ್ ತೆಗೆದುಕೊಳ್ಳಬಹುದು. ಇನ್ನು ಟಿವಿಯಲ್ಲಿ ಅಮೆರಿಕದ ಎನ್‌ಬಿಎ ಪಂದ್ಯ ನೋಡಿದವರು, ಚೆಂಡು ಹಿಡಿದ ಆಟಗಾರನೇ ಟೈಮೌಟ್ ಕೇಳುವುದನ್ನು ಕಂಡಿರುತ್ತಾರೆ. ಎರಡೂ ನಿಜ. ಆದರೆ ಒಂದು ಬೇರೆ ಆಟ, ಇನ್ನೊಂದು ಬೇರೆ ನಿಯಮಪುಸ್ತಕ.

ಟೈಮೌಟ್ ಮುಗಿದ ಮೇಲೂ ಕೇಳಿದರೆ ಫೌಲ್ ಎಂಬ ಮಾತೂ ಅಮೆರಿಕದಿಂದಲೇ ಬಂದದ್ದು. 1993ರ ಕಾಲೇಜು ಫೈನಲ್‌ನಲ್ಲಿ ಮಿಷಿಗನ್ ತಂಡದ ಕ್ರಿಸ್ ವೆಬರ್ ಕೊನೆಯ ಸೆಕೆಂಡುಗಳಲ್ಲಿ ಟೈಮೌಟ್ ಕೇಳಿದ. ತಂಡದ ಬಳಿ ಒಂದೂ ಉಳಿದಿರಲಿಲ್ಲ. ಟೆಕ್ನಿಕಲ್ ಫೌಲ್ ಬಿತ್ತು, ನಾರ್ತ್ ಕೆರೊಲೈನಾ 77-71ರಿಂದ ಗೆದ್ದಿತು. ನಮ್ಮ ಕೋರ್ಟಿನಲ್ಲಿ ಹಾಗೆ ಆಗದು. ಟೇಬಲ್ಲಿನವರು ಉಳಿದಿಲ್ಲ ಅನ್ನುತ್ತಾರೆ, ಆಟ ಮುಂದುವರಿಯುತ್ತದೆ.

ಎಷ್ಟು ಸಿಗುತ್ತವೆ? ಮೊದಲಾರ್ಧದಲ್ಲಿ 2, ದ್ವಿತೀಯಾರ್ಧದಲ್ಲಿ 3, ಹೆಚ್ಚುವರಿ ಅವಧಿಗೆ ತಲಾ 1. ಒಂದೊಂದೂ 1 ನಿಮಿಷ. ಉಳಿಸಿಟ್ಟುಕೊಂಡು ಮುಂದೆ ಬಳಸುವಂತಿಲ್ಲ. ನಾಲ್ಕನೇ ಕ್ವಾರ್ಟರಿನ ಕೊನೆಯ 2 ನಿಮಿಷಗಳಲ್ಲಿ ಮೂರನ್ನೂ ತೆಗೆದುಕೊಳ್ಳಲಾಗದು, ಹೆಚ್ಚೆಂದರೆ ಎರಡು.

ಜಗಳ ಹೆಚ್ಚು ಹುಟ್ಟುವುದು ‘ಕೇಳಿದೆನಲ್ಲ, ಯಾಕೆ ಕೊಡಲಿಲ್ಲ’ ಎಂಬಲ್ಲಿ. ಕೇಳಿದ ತಕ್ಷಣ ಆಟ ನಿಲ್ಲುವುದಿಲ್ಲ. ಟೈಮೌಟಿಗೊಂದು ಬಾಗಿಲಿದೆ; ಅದು ತೆರೆಯಬೇಕು. ಚೆಂಡು ಸತ್ತು, ಗಡಿಯಾರ ನಿಂತು, ರೆಫರಿ ಟೇಬಲ್ಲಿಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಿದಾಗ ಎರಡೂ ತಂಡಕ್ಕೆ ತೆರೆಯುತ್ತದೆ. ಕೊನೆಯ ಫ್ರೀ ಥ್ರೋ ಬುಟ್ಟಿಗೆ ಬಿದ್ದಾಗಲೂ ಹಾಗೇ. ಆಟದ ನಡುವೆ ಬಾಸ್ಕೆಟ್ ಆದರೆ ಬಿಟ್ಟುಕೊಟ್ಟ ತಂಡಕ್ಕೆ ಮಾತ್ರ. ಗೆರೆಯಾಚೆಯಿಂದ ಚೆಂಡು ಒಳಗೆ ಎಸೆಯುವವರ ಕೈಗೆ, ಅಥವಾ ಮೊದಲ ಫ್ರೀ ಥ್ರೋ ಹಾಕುವವರ ಕೈಗೆ ಚೆಂಡು ಸೇರಿತೋ, ಬಾಗಿಲು ಮುಚ್ಚಿತು. ಒಂದು ಸೆಕೆಂಡು ತಡವಾದರೂ ಮುಂದಿನ ಅವಕಾಶಕ್ಕೆ ಕಾಯಬೇಕು. ಹಾಗಾಗಿ ಜಾಣ ಕೋಚ್ ಎದುರಾಳಿಗಳು ಚೆಂಡು ತರುತ್ತಿರುವಾಗಲೇ ಟೇಬಲ್ಲಿಗೆ ಹೇಳಿಟ್ಟಿರುತ್ತಾನೆ. ಬಾಸ್ಕೆಟ್ ಬಿದ್ದರೆ ಟೈಮರ್ ಗಡಿಯಾರ ನಿಲ್ಲಿಸಿ ಹಾರ್ನ್ ಬಾರಿಸುತ್ತಾರೆ. ಬೀಳದಿದ್ದರೆ, ಹಾರ್ನ್ ಆಗುವ ಮುಂಚೆ ಕೇಳಿದ್ದನ್ನು ವಾಪಸ್ ಪಡೆಯಬಹುದು.

ಕೊನೆಯ 2 ನಿಮಿಷಗಳಲ್ಲಿ ಬಾಸ್ಕೆಟ್ ಆದಾಗಲೂ ಗಡಿಯಾರ ನಿಲ್ಲುತ್ತದೆ. ನಿಂತಿದೆಯಲ್ಲ, ನಮಗೂ ಕೊಡಿ ಎಂದು ಬಾಸ್ಕೆಟ್ ಹಾಕಿದವರ ಕೋಚ್ ಓಡಿ ಬರುತ್ತಾರೆ. ರೆಫರಿಯೇ ಬೇರೆ ಕಾರಣಕ್ಕೆ ಆಟ ನಿಲ್ಲಿಸಿದ್ದರೆ ಹೊರತು ಅವರಿಗೆ ಸಿಗುವುದಿಲ್ಲ. ಅನುಭವಿ ಕೋಚ್‌ಗಳೂ ಎಡವುವ ಜಾಗ ಇದು.

ಹಾಗಾದರೆ ರೆಫರಿಯ ಕೆಲಸವೇನು? ಚೆಂಡು ಕೊಡುವ ಮುಂಚೆ ಟೇಬಲ್ಲಿನ ಕಡೆ ಒಮ್ಮೆ ನೋಡುವುದು. ಅವಸರದಲ್ಲಿ ಚೆಂಡು ಕೊಟ್ಟುಬಿಟ್ಟರೆ, ಸರಿಯಾಗಿ ಕೇಳಿದ ಕೋಚ್‌ನ ಬಾಗಿಲನ್ನು ತಾನೇ ಮುಚ್ಚಿದಂತೆ. ಶಾಲಾ ಪಂದ್ಯಗಳಲ್ಲಿ ಟೇಬಲ್ಲಿಗೆ ಕೂರುವವರು ಹೊಸಬರಾಗಿರಬಹುದು, ಹಾರ್ನ್ ಬದಲು ಬರೀ ಸೀಟಿ ಇರಬಹುದು. ಆಗ ಈ ನೋಟಕ್ಕೆ ಇನ್ನೂ ಬೆಲೆ. ಹುಡುಗ ‘ಟಿ’ ತೋರಿಸಿದಾಗ ಗದರಬೇಕಾಗಿಲ್ಲ. ‘ನಿಮ್ಮ ಸರ್ ಟೇಬಲ್ಲಿಗೆ ಹೇಳಲಿ’ ಅಂದರಾಯಿತು.

ಆದರೆ ಸರ್ ಅಲ್ಲಿ ಇರಲೇಬೇಕಲ್ಲ? ತಾಲ್ಲೂಕಿನಿಂದ ಬಂದ ತಂಡದ ಜೊತೆ ಒಬ್ಬರೇ ದೈಹಿಕ ಶಿಕ್ಷಕರು, ಅದೇ ಹೊತ್ತಿಗೆ ಪಕ್ಕದ ಮೈದಾನದಲ್ಲಿ ಖೋಖೋ ಕೂಡ ಇದ್ದರೆ ಬೆಂಚು ಖಾಲಿ. ತಂಡಕ್ಕೆ ಕೋಚ್ ಇಲ್ಲದಿದ್ದರೆ ನಾಯಕನೇ ಕೋಚ್ ಎನ್ನುತ್ತದೆ ನಿಯಮ. ಆಗ ಅವನಿಗೆ ಟೈಮೌಟ್ ಕೇಳುವ ಪೂರ್ತಿ ಹಕ್ಕಿದೆ, ಅವನೂ ಟೇಬಲ್ಲಿನವರನ್ನೇ ಕೇಳಬೇಕು. ಇದನ್ನು ರೆಫರಿ ಪಂದ್ಯ ಶುರುವಾಗುವ ಮುಂಚೆಯೇ ಆ ನಾಯಕನನ್ನು ಕರೆದು, ಅವನಿಗೆ ತಿಳಿಯುವ ಭಾಷೆಯಲ್ಲಿ, ಕನ್ನಡವೋ ಮರಾಠಿಯೋ, ಹೇಳಿಬಿಡಬೇಕು.