ಸಲಹೆ ಹೋಗುವುದು ಯಾರ ಮೊಬೈಲಿಗೆ?

ಕೃಷಿ ಇಲಾಖೆಯ ಸಲಹೆಯಿಂದ ಯಾವ ರೈತರಿಗೆ ಹೆಚ್ಚು ಲಾಭವಾದೀತು ಎಂದು ಮೊದಲೇ ಅಂದಾಜಿಸುವ ಪ್ರೋಗ್ರಾಂ ಬರೆಯುವುದು ಈ ಸೆಮಿಸ್ಟರಿನಲ್ಲಿ ನಮ್ಮ ತಂಡದ ಪ್ರಾಜೆಕ್ಟ್. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವೇನೋ ಇದೆ. ಆದರೆ ಅಲ್ಲಿನ ಬೆರಳೆಣಿಕೆಯ ಸಿಬ್ಬಂದಿ ಎಲ್ಲ ಹಳ್ಳಿಗಳ ಎಲ್ಲ ಹೊಲಗಳಿಗೂ ಹೋಗಲಾರರು. ಹಾಗಾದರೆ ಮೊದಲು ಯಾರಲ್ಲಿಗೆ ಹೋಗಬೇಕು?

ಹಿಂದೆ ಸಲಹೆ ಪಾಲಿಸಿದವರ ಪಟ್ಟಿ ನೋಡಿ ಅಂಥವರನ್ನೇ ಹುಡುಕೋಣ ಎಂದ ಗೆಳೆಯನೊಬ್ಬ. ನನಗೆ ಒಪ್ಪಿಗೆಯಾಗಲಿಲ್ಲ. ಕೊಳವೆಬಾವಿ ಇದ್ದವರು, ಕೈಯಲ್ಲಿ ನಾಲ್ಕು ಕಾಸಿದ್ದವರು ಯಾರೂ ಹೇಳದಿದ್ದರೂ ಕೇಳಿ ತಿಳಿದುಕೊಳ್ಳುತ್ತಾರೆ. ಸಲಹೆ ಸಿಕ್ಕರೆ ಎಷ್ಟು ಬೆಳೆ, ಸಿಗದಿದ್ದರೆ ಎಷ್ಟು ಎಂಬ ವ್ಯತ್ಯಾಸವೇ ತಾನೆ ಲಾಭ? 1970ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಬಂದ ‘ತರಬೇತಿ ಮತ್ತು ಭೇಟಿ’ ಪದ್ಧತಿಯಲ್ಲಿ ಊರಿನ ಕೆಲವರನ್ನು ಸಂಪರ್ಕ ರೈತರೆಂದು ಆರಿಸುತ್ತಿದ್ದರು. ಅವರಿಗೆ ಹೇಳಿದರೆ ಉಳಿದವರಿಗೂ ತಲುಪುತ್ತದೆ ಎಂಬ ಲೆಕ್ಕ. ಆಯ್ಕೆಯಾದವರು ಹೆಚ್ಚಾಗಿ ಅನುಕೂಲಸ್ಥರೇ, ಮಾತು ಅವರ ಪಡಸಾಲೆ ದಾಟಲಿಲ್ಲ ಎಂಬ ಟೀಕೆ ಅದಕ್ಕೆ ಅಂಟಿಕೊಂಡಿತು.

2009ರಲ್ಲಿ ನಮ್ಮ ರಾಜ್ಯ ಇಕ್ರಿಸ್ಯಾಟ್ ಜೊತೆ ಆರಂಭಿಸಿದ ‘ಭೂಚೇತನ’ದ ದಾರಿ ನನಗೆ ಹೆಚ್ಚು ಹಿಡಿಸಿತು. ಅದು ಮೊದಲು ನೋಡಿದ್ದು ಮಣ್ಣನ್ನು. ಪರೀಕ್ಷೆಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ಕಂಡಲ್ಲಿ ಆಯಾ ತಾಲ್ಲೂಕಿಗೆ ತಕ್ಕ ಶಿಫಾರಸು, ರಿಯಾಯಿತಿಯಲ್ಲಿ ಜಿಪ್ಸಂ, ಜಿಂಕ್ ಸಲ್ಫೇಟ್. ತಿಳಿಸಿ ಹೇಳಲು ಹಳ್ಳಿಯವರೇ ಆದ ರೈತ ಅನುವುಗಾರರು. ಕೊರತೆ ಇರುವ ಹೊಲದಲ್ಲಿ ಇದರಿಂದ ಇಳುವರಿ ಏರುತ್ತದೆ, ಇಲ್ಲದ ಹೊಲದಲ್ಲಿ ಅಷ್ಟೂ ದುಡ್ಡು ದಂಡ.

ಮಣ್ಣಿನ ಲೆಕ್ಕ ಹೀಗೆ ಸಿಕ್ಕೀತು. ಮನುಷ್ಯರದ್ದೇ ಕಷ್ಟ. ಇಲಾಖೆಯ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತರ ನೋಂದಣಿ ನಡೆಯುವುದು ಪಹಣಿ, ಆಧಾರ್ ನೋಡಿ. ಬಾಯಿಮಾತಿನ ಮೇಲೆ ಗೇಣಿಗೆ ಉಳುವವನ ಹೆಸರು ಪಹಣಿಯಲ್ಲಿ ಎಲ್ಲಿಂದ ಬರಬೇಕು? ನಮ್ಮ ಮನೆಯದನ್ನೇ ಹೇಳುತ್ತೇನೆ. ಪಹಣಿ ತಾತನ ಹೆಸರಲ್ಲಿದೆ, ಕೊಟ್ಟಿರುವ ಮೊಬೈಲ್ ನಂಬರ್ ಬೆಂಗಳೂರಿನಲ್ಲಿರುವ ಅಣ್ಣನದು. ಶೇಂಗಾ ಬೀಜ ಸುಲಿದು, ಆರಿಸಿ, ಬಿತ್ತುವ ಮುನ್ನ ಔಷಧ ಬೆರೆಸುವವಳು ಅಮ್ಮ. ಬೀಜೋಪಚಾರದ ಮೆಸೇಜು ಬಂದಾಗ ಅಣ್ಣ ಬಹುಶಃ ಮೆಟ್ರೊದಲ್ಲಿ ನಿಂತಿರುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ ಬಿಡಿ.

ಹಾಗಾಗಿ ನಮ್ಮ ಪ್ರೋಗ್ರಾಮಿಗೆ ಇನ್ನೊಂದು ಕಾಲಂ ಸೇರಿಸಿದ್ದೇವೆ: ಹೊಲದ ಕೆಲಸ ನಿಜಕ್ಕೂ ಮಾಡುವವರು ಯಾರು? ನಮ್ಮ ಕೈಗೆ ಸಿಕ್ಕ ಯಾವ ದಾಖಲೆಯಲ್ಲೂ ಇದಕ್ಕೆ ಉತ್ತರವಿಲ್ಲ. ರಜೆಯಲ್ಲಿ ನಮ್ಮೂರಿನ ಮನೆಮನೆಗೆ ಹೋಗಿ ಬರೆದುಕೊಂಡು ಬರಬೇಕೆಂದಿದ್ದೇವೆ. ಅಮ್ಮನ ಉತ್ತರ ಮಾತ್ರ ಈಗಾಗಲೇ ಸಿಕ್ಕಿದೆ: ಮೆಸೇಜು ಬೇಡ, ಬಿತ್ತನೆಗೆ ಮುಂಚೆ ಯಾರಾದರೂ ಬಂದು ಔಷಧದ ಅಳತೆ ತೋರಿಸಲಿ.